ವನಜಕ್ಕನ ಬಟ್ಟೆ ಸುತ್ತಿದ ಹಲಗೆ

ಅಪೂರ್ವ, ಚಿರಂತ,

ವನಜಕ್ಕ ಒಲೆಯೊಳಗೆ ಒಂದು ಚಿಟಿಕೆ ಹಿಟ್ಟು ಎಸೆದು ಬಸ್ ಸ್ಟಾಪುಗಳ ಹೆಸರು ಹೇಳುತ್ತಿದ್ದರು. “ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ, ನಾಯಂಡಹಳ್ಳಿ...” ಅವಸರವಿಲ್ಲ, ತಡವೂ ಇಲ್ಲ, ಖಾಲಿ ರಸ್ತೆಯಲ್ಲಿ ಬಸ್ಸು ಹೋದ ಹಾಗೆ ಒಂದೇ ಸಮ. ಕಣ್ಣು ಮಾತ್ರ ಒಲೆಯ ಕಲ್ಲಿನ ಮೇಲೆ. ನಾಯಂಡಹಳ್ಳಿ ಬರುವುದರೊಳಗೆ ಹಿಟ್ಟು ಕೆಂಪಾದರೆ ಪಿಜ್ಜಾ ಹಾಕಬಹುದು. ಕೆಂಗೇರಿ ತಲುಪಿದ ಮೇಲೆ ಕೆಂಪಾದರೆ ಬ್ರೆಡ್ಡಿಗೆ ಸರಿ. ಅತ್ತಿಗುಪ್ಪೆಯಲ್ಲೇ ಕಪ್ಪಾಗಿಬಿಟ್ಟರೆ, “ಬಸ್ಸಿಗೆ ಬೆಂಕಿ ಬಿತ್ತು ಕಣೇ, ಬಾಗಿಲು ತೆಗೆದಿಡು” ಅನ್ನುತ್ತಿದ್ದರು. ಅವರ ತವರು ಕೆಂಗೇರಿ. ಮದುವೆಯಾದ ಹೊಸದರಲ್ಲಿ ಆ ಬಸ್ಸಿನಲ್ಲಿ ಅಳುತ್ತಾ ಹೋಗಿ ಅಳುತ್ತಾ ಬಂದು ಹೆಸರುಗಳೆಲ್ಲ ಬಾಯಿಗೆ ಬಂದವಂತೆ. ಬೇಕರಿಯ ಗೋಡೆಯಲ್ಲಿ ಗಡಿಯಾರವೂ ಇತ್ತು. ಅವರು ಅದರ ಕಡೆ ತಿರುಗಿದ್ದನ್ನು ನಾನು ಕಾಣೆ.

ಅಪೂರ್ವ, ಹೋದ ಭಾನುವಾರ ನೀನು ಫೋನು ತಂದು ನನ್ನ ಮುಂದೆ ಹಿಡಿದೆ. ಪಿಜ್ಜಾವನ್ನೂ ಬ್ರೆಡ್ಡನ್ನೂ ಓವನ್ನಿಗೆ ಇಳಿಸುವ ಮರದ ಹಲಗೆ, ಅದರ ಸುತ್ತ ಬಟ್ಟೆ. “ಅಜ್ಜಿ, ಇದಕ್ಕೆ ಇಷ್ಟೊಂದು ದುಡ್ಡು ಕೊಡಬಹುದಾ? ತಗೊಳ್ಳಲಾ ಬೇಡ್ವಾ?” ಅಂತ ಕೇಳಿದೆ. “ಯೋಚ್ನೆ ಮಾಡಿ ಹೇಳ್ತೀನಿ” ಅಂದು ನಾನು ಒಳಗೆ ಹೋದೆ. ನಿನಗೆ ಬೇಜಾರಾಯಿತೇನೋ. ಅಂಥದೇ ಹಲಗೆಯ ಮುಂದೆ ನಾನು ಒಂದು ಇಡೀ ಮಧ್ಯಾಹ್ನ ಉಸಿರು ಹಿಡಿದು ನಿಂತಿದ್ದೆ ಅಂತ ನಿನಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದರೆ ವನಜಕ್ಕನನ್ನು ಹೇಳಬೇಕು. ಬಾಯಲ್ಲಿ ಹೇಳುವುದಕ್ಕಿಂತ ನನಗೆ ಕಾಗದ ಸಲೀಸು.

ನಿಮ್ಮ ತಾತ ತೀರಿಕೊಂಡ ವರ್ಷ ನಿಮ್ಮಮ್ಮ ನನ್ನನ್ನು ಊರಿಂದ ಕರೆದುಕೊಂಡು ಬಂದಳು. ಆಗ ನಾವೆಲ್ಲ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿದ್ದೆವು. ಅಪೂರ್ವ ಒಂದನೇ ಕ್ಲಾಸು, ಚಿರಂತ ತೊಟ್ಟಿಲಲ್ಲಿ. ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆಗೆ ವನಜಕ್ಕನ ಬೇಕರಿ. ನಿಮಗೆ ಅಲ್ಲಿನ ಖಾರಾ ಬನ್ನು ನೆನಪಿದ್ದೇ ಇರುತ್ತದೆ. ಆ ಬನ್ನನ್ನು ಒಲೆಯಿಂದ ತೆಗೆಯುತ್ತಿದ್ದವರು ಹೆಂಗಸು ಅನ್ನುವುದು ಬೀದಿಯವರಿಗೆ ಮೊದಮೊದಲು ನಂಬಿಕೆಯೇ ಆಗಿರಲಿಲ್ಲವಂತೆ. ಒಲೆ ಕಟ್ಟಿಸಿದ್ದು ಅವರ ಯಜಮಾನರು. ಆಳುದ್ದದ ಇಟ್ಟಿಗೆ ಒಲೆ, ಸೌದೆಯದು. ಯಜಮಾನರು ತೀರಿಕೊಂಡ ತಿಂಗಳಲ್ಲೇ ಒಲೆಯ ಕೆಲಸದವನೂ ಬಿಟ್ಟು ಹೋದ. ನೆಂಟರೆಲ್ಲ ಸೇರಿ ಅಂಗಡಿ ಯಾರಿಗಾದರೂ ಕೊಟ್ಟುಬಿಡು ಅಂದರಂತೆ. “ನಾನು ಮೂಲೆಯಲ್ಲಿದ್ದ ಹಲಗೆ ತಗೊಂಡು ಒಲೆ ಮುಂದೆ ನಿಂತ್ಕೊಂಡೆ. ಯಾರೂ ಕಿತ್ಕೊಳ್ಳಲಿಲ್ಲ. ಅಷ್ಟೇ ಕಥೆ” ಅನ್ನುತ್ತಿದ್ದರು.

ಆ ಹಲಗೆ ಅಂದರೆ ದೋಣಿಯ ಹುಟ್ಟಿನ ಹಾಗೆ. ಮುಂದೆ ಅಗಲ, ಹಿಂದೆ ಆರು ಅಡಿ ಕೋಲು. ತಟ್ಟಿದ ಹಿಟ್ಟನ್ನು ಅದರ ಮೇಲಿಟ್ಟು ಒಲೆಯೊಳಗೆ ಚಾಚಿ ಕಲ್ಲಿನ ಮೇಲೆ ಬಿಡಬೇಕು.

ನಾನು ಅಲ್ಲಿಗೆ ಮೊದಲು ಹೋಗಿದ್ದು ನಿಮಗೆ ಬನ್ನು ತರಲು. ಒಂದು ದಿನ ಅವರು ನನ್ನ ಕೈ ನೋಡಿ, “ಹಿಟ್ಟು ನಾದಿರೋ ಕೈ ಅಲ್ವಾ ಇದು? ಮನೇಲಿ ಏನು ಮಾಡ್ತೀಯ ಮಧ್ಯಾಹ್ನ?” ಅಂದರು. ನಾನು ಬನ್ನಿನ ಪೊಟ್ಟಣ ಎತ್ತಿಕೊಂಡೆ. “ಏನೂ ಇಲ್ಲಾಂದ್ರೆ ನಾಳೆಯಿಂದ ಬಾ. ಮಾತಾಡದೇ ಇರೋರೇ ನನಗೆ ಬೇಕು, ಮಾತೆಲ್ಲ ನಾನೇ ಆಡ್ತೀನಿ” ಅಂದರು. ಹಾಗೆ ಸೇರಿಕೊಂಡೆ.

ಮೊದಲ ವಾರವೇ ಎಡವಟ್ಟು ಮಾಡಿದೆ. ನಮ್ಮೂರಲ್ಲಿ ಮುದ್ದೆ ಕಟ್ಟುವಾಗ ಮಣೆಗೆ ನೀರು ಹಚ್ಚಿ, ಕೈಯನ್ನೂ ನೀರಲ್ಲಿ ಅದ್ದಿ ಕಟ್ಟುತ್ತೇವೆ. ಅಂಟದಿರಲಿ ಅಂತ. ವನಜಕ್ಕ ಸೌದೆಯವನ ಹತ್ತಿರ ಮಾತಾಡಲು ಆಚೆ ಹೋಗಿದ್ದಾಗ, ಉಪಕಾರ ಮಾಡೋಣ ಅಂತ ನಾನು ಹಲಗೆಗೆ ಚೆನ್ನಾಗಿ ನೀರು ಸವರಿ ಅದರ ಮೇಲೆ ಪಿಜ್ಜಾ ತಟ್ಟಿ ಸೊಪ್ಪು ತರಕಾರಿ ಎಲ್ಲ ಹರಡಿ ಇಟ್ಟೆ. ಅವರು ಬಂದು ಒಲೆಗೆ ಚಾಚಿ ಎಳೆದರು. ಹಿಟ್ಟು ಕದಲಲಿಲ್ಲ. ಮತ್ತೆ ಎಳೆದರು. ಮೇಲಿದ್ದ ಈರುಳ್ಳಿ, ಚೀಸು ಎಲ್ಲ ಬೆಂಕಿಗೆ ಹಾರಿ ಹೋಯಿತು, ಹಿಟ್ಟು ಹಲಗೆಯ ಮೇಲೇ ಕೂತಿತ್ತು. ಹೊಗೆ ಬೀದಿಗೆ ಹೋಯಿತು. ನನಗೆ ಓಡಿಹೋಗೋಣ ಅನ್ನಿಸಿತು.

“ನೀರು ಹಾಕ್ದ್ಯಾ?”

“ಹೂಂ.”

“ಮುದ್ದೆ ಅಂದ್ಕೊಂಡ್ಯಾ?”

“ಹೂಂ.”

ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕುರ್ಚಿ ಹಿಡಿದುಕೊಳ್ಳುವವರೆಗೆ ನಕ್ಕರು. “ನಮ್ಮತ್ತೆ ಮನೇಗೆ ಬಂದ ಹೊಸದರಲ್ಲಿ ನಾನೂ ಇದೇ ಮಾಡಿದ್ದೆ ಕಣೇ ಹೊನ್ನಿ. ನನ್ನ ಗಂಡ ಮೂರು ದಿನ ಮಾತಾಡಿರಲಿಲ್ಲ.” ಆಮೇಲೆ ಅಕ್ಕಿ ರವೆ ಒಂದು ಹಿಡಿ ಹಲಗೆಗೆ ಉದುರಿಸಿ ತೋರಿಸಿದರು. “ಮರಕ್ಕೂ ಹಿಟ್ಟಿಗೂ ನಡುವೆ ಏನಾದ್ರೂ ಉರುಳ್ತಾ ಇರಬೇಕು. ಆಮೇಲೆ, ತಳ್ಳಬೇಡ. ತಳ್ಳಿದ್ರೆ ಹಿಟ್ಟು ಮಡಚ್ಕೊಳ್ಳುತ್ತೆ. ಒಳಗೆ ಇಟ್ಟು ಹಲಗೇನ ಕಿತ್ಕೋ. ಹಿಟ್ಟಿಗೆ ಗೊತ್ತೇ ಆಗಬಾರದು.”

ಅದನ್ನು ಅವರು ಮಾಡುವುದು ನೋಡಬೇಕಿತ್ತು. ಮೊಣಕೈ ಮುಂದೆ ಹೋಗುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ಮಣಿಕಟ್ಟು ಒಂದು ಸಲ ಮಿಸುಕುತ್ತಿತ್ತು. ಹಲಗೆ ಖಾಲಿ. ಬೀದಿಯ ಹುಡುಗರು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. “ಆಂಟಿ, ಇನ್ನೊಂದ್ಸಲ” ಅನ್ನುವರು. “ಇನ್ನೊಂದ್ಸಲ ನೋಡ್ಬೇಕಾದ್ರೆ ಇನ್ನೊಂದು ಪಿಜ್ಜಾ ತಗೋ” ಅನ್ನುವರು ಇವರು. ಬೈಗುಳವೂ ಹಾಗೇ. ಈರುಳ್ಳಿ ದಪ್ಪ ಹೆಚ್ಚಿದರೆ, “ಇದೇನು, ಎತ್ತಿಗೆ ಹಾಕ್ತೀಯಾ?” ಬನ್ನು ಹಿಸುಕಿ ನೋಡಿ ಕೊಳ್ಳದೆ ಹೋಗುವವರಿಗೆ, “ಜ್ವರ ಇದೆಯಾ ಡಾಕ್ಟ್ರೇ?” ನನ್ನ ಮೇಲೆ ಒಂದು ದಿನವೂ ದನಿ ಎತ್ತಲಿಲ್ಲ. ನಿನ್ನನ್ನು ಬೈದರೆ ಗೋಡೆಯನ್ನು ಬೈದ ಹಾಗೆ, ವಾಪಸ್ ಏನೂ ಬರಲ್ಲ ಅನ್ನುತ್ತಿದ್ದರು.

ಹೀಗೆ ಏಳೆಂಟು ವರ್ಷ ಹೋಯಿತು. ಆಮೇಲೆ ಒಂದು ಯುಗಾದಿ ಕಳೆದ ಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಹಲಗೆಯಲ್ಲಿ. ಮಣಿಕಟ್ಟು ಒಂದು ಸಲ ಮಿಸುಕುವ ಕಡೆ ಮೂರು ಸಲ ಮಿಸುಕಿ ಪಿಜ್ಜಾ ಓರೆಯಾಗಿ ಬೀಳುತ್ತಿತ್ತು. ಒಂದು ಮಧ್ಯಾಹ್ನ ಅವರ ಎಡಗಡೆ ನಿಂತಿದ್ದ ನಾನು, ಕೋಲಿನ ಹಿಂದಿನ ತುದಿಯನ್ನು ಎರಡು ಬೆರಳಿಂದ ಮೆಲ್ಲಗೆ ಹಿಡಿದುಕೊಂಡೆ. ನಡುಕ ನಿಂತಿತು. ಪಿಜ್ಜಾ ನೇರವಾಗಿ ಕೂತಿತು. ಅವರು ತಿರುಗಿ ನೋಡಲಿಲ್ಲ. ಅವತ್ತಿನಿಂದ ದಿನವೂ ಹಾಗೇ ನಡೆಯಿತು. ಕೋಲು ಹಿಂದಕ್ಕೆ ಬಂದಾಗ ನನ್ನ ಬೆರಳು ಅಲ್ಲಿರುತ್ತಿತ್ತು, ಅಷ್ಟೇ. ಆ ವಿಷಯ ನಾವಿಬ್ಬರೂ ಆಗ ಒಂದು ದಿನವೂ ಮಾತಾಡಲಿಲ್ಲ.

ಕಾರ್ತಿಕದಲ್ಲಿ ಚಿರಂತನಿಗೆ ಜ್ವರ ಬಂದು ನಾನು ಎರಡು ದಿನ ಹೋಗಲಿಲ್ಲ. ಎರಡನೇ ದಿನ ಪಿಜ್ಜಾ ಒಲೆಯ ಬಾಯಂಚಿಗೆ ಬಿದ್ದು, ಅದನ್ನು ಹಿಡಿಯಲು ಹೋಗಿ ವನಜಕ್ಕ ಅಂಗೈ ಸುಟ್ಟುಕೊಂಡರು. ಅವರ ಮಗಳು ಗೀತಾ ಆ ಹೊತ್ತಿಗೆ ಆಫೀಸಿನಿಂದ ಬಂದಳು. ಗೀತಾ ಒಬ್ಬಳೇ ಮಗಳು, ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಬೇಕರಿಯ ಮೇಲಿನ ಮನೆಯಲ್ಲೇ ಇದ್ದಳು. ಮಾತು ಕಡಿಮೆ, ಆಡಿದರೆ ಕತ್ತರಿಸಿದ ಹಾಗೆ. ತಾಯಿಯ ಕೈ ನೋಡಿದಳು, ಅದುವರೆಗೆ ಅವರು ಸೆರಗಿನೊಳಗೆ ಅಡಗಿಸಿಟ್ಟಿದ್ದ ನಡುಕವನ್ನೂ ನೋಡಿದಳು. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಅದಕ್ಕೊಂದು ಹೆಸರು ಹೇಳಿ, ಮಾತ್ರೆ ಕೊಟ್ಟು, ಪೂರ್ತಿ ಹೋಗುವಂಥದ್ದಲ್ಲ ಅಂದರಂತೆ. ಬಂದವಳೇ ಅಂದಳು, “ಅಮ್ಮ, ಒಲೆ ನಿಲ್ಲಿಸೋಣ.”

ನಾನು ಅಲ್ಲೇ ಪಾತ್ರೆ ಒರೆಸುತ್ತಿದ್ದೆ. ಬೈಗುಳ ಬರುತ್ತದೆ ಅಂದುಕೊಂಡೆ. ವನಜಕ್ಕ ಬಹಳ ಸಣ್ಣ ದನಿಯಲ್ಲಿ, “ಆಮೇಲೆ ನಾನು ಎಲ್ಲಿ ನಿಂತ್ಕೊಳ್ಳಲೇ?” ಅಂದರು.

ಗೀತಾ ಫೋನು ಎತ್ತಿಕೊಂಡು ಮೇಲಕ್ಕೆ ಹೋದಳು. ಕಲ್ಲುಮನಸ್ಸಿನವಳು ಅಂತ ನೀವು ತಿಳಿಯಬಾರದು. ನಾಲ್ಕು ದಿನ ಫೋನಿನಲ್ಲಿ ಹುಡುಕಿ, ಬೇಕರಿ ಸಾಮಾನು ಮಾರುವವರೊಬ್ಬರನ್ನು ಹಿಡಿದು, ಬಟ್ಟೆ ಸುತ್ತಿದ ಈ ಹಲಗೆಯನ್ನು ಉದ್ದ ಕೋಲಿನದ್ದೇ ಬೇಕು ಅಂತ ಹೇಳಿ ತರಿಸಿದವಳು ಅವಳೇ. ಮೂರು ಮರದ ಹಲಗೆಯ ಬೆಲೆ ಇದೊಂದಕ್ಕೆ. ಮೂರು ದಿನ ನೋಡಿ, ಬೇಡ ಅಂದರೆ ವಾಪಸ್ ಕೊಡಬಹುದು ಅನ್ನುವ ಮಾತಾಗಿತ್ತು. ಆ ಭಾನುವಾರ ಮಲ್ಲತ್ತಹಳ್ಳಿಯ ಒಂದು ನಾಮಕರಣಕ್ಕೆ ನಲವತ್ತು ಪಿಜ್ಜಾ ಒಪ್ಪಿಕೊಂಡಿದ್ದೆವು. ಗೀತಾ ತಾಯಿಗೆ ಹೇಳಿದಳು, “ಭಾನುವಾರ ನಾನು ಇಲ್ಲೇ ಕೂತಿರ್ತೀನಿ. ಯಾರೂ ಸಹಾಯ ಮಾಡಬಾರದು. ನಲವತ್ತೂ ನೀನೊಬ್ಬಳೇ ಹಾಕಬೇಕು. ಒಂದೂ ಬೀಳದೇ ಹೋದ್ರೆ ಹಲಗೆ ಇಟ್ಕೊಳ್ಳೋಣ, ಒಲೇನೂ ಇರ್ಲಿ. ಬಿದ್ರೆ ಎರಡೂ ಬೇಡ.”

“ಆಯ್ತು ಬಿಡೇ, ಇನ್‌ಸ್ಪೆಕ್ಟ್ರಮ್ಮ” ಅಂದರು ವನಜಕ್ಕ. ದನಿ ಮೊದಲಿನಂತೆಯೇ ಇತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.

ಹಲಗೆ ಬಂದಿದ್ದು ಶುಕ್ರವಾರ ಬೆಳಿಗ್ಗೆ, ಗೀತಾ ಆಫೀಸಿಗೆ ಹೋದ ಮೇಲೆ. ವನಜಕ್ಕ ಸ್ನಾನಕ್ಕೆ ಹೋಗುತ್ತಿದ್ದವರು, “ಹೊಸ ಸಾಮಾನು ಕಣೇ ಹೊನ್ನಿ, ಅರಿಶಿನ ಕುಂಕುಮ ಇಡದೆ ಒಲೆ ಹತ್ರ ತರಬೇಡ” ಅಂದರು. ಶುಕ್ರವಾರ ಬೇರೆ. ಅರಿಶಿನ ಕಲಸಿ ಬಟ್ಟೆಯ ನಟ್ಟನಡುವೆ ಅಂಗೈಯಗಲ ಹಚ್ಚಿ, ಮೇಲೆ ಕುಂಕುಮ ಇಟ್ಟು, ಎರಡು ಊದುಬತ್ತಿ ಬೆಳಗಿದೆ. ಡಬ್ಬದಲ್ಲಿ ಇಂಗ್ಲಿಷಿನ ಕಾಗದ ಒಂದಿತ್ತು. ಅದನ್ನು ಮಡಚಿ ಮೊಳೆಗೆ ಸಿಕ್ಕಿಸಿದೆ.

ಸಂಜೆ ಗೀತಾ ಆ ಕಾಗದ ಓದಿ, “ಸುಟ್ಟ ಗುರುತು, ಕಲೆ ಏನೂ ಇರಬಾರದಂತೆ. ಒಂದು ಕಲೆ ಆದ್ರೂ ವಾಪಸ್ ತಗೊಳ್ಳಲ್ಲ. ಹುಷಾರು” ಅಂದು ಮೇಲಕ್ಕೆ ಹೋದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಾನು ಬಟ್ಟೆ ಬಿಚ್ಚಿ ಬಚ್ಚಲಿಗೆ ಒಯ್ದು ಸೋಪು ಹಾಕಿ ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಅಂತ ನಿಮ್ಮಜ್ಜಿಗೆ ಗೊತ್ತಿರಬೇಕಿತ್ತು. ಹಳದಿ ಇದ್ದದ್ದು ಕೆಂಪಾಯಿತು. ಉಜ್ಜಿದಷ್ಟೂ ಹರಡಿತು. ಹಿಂಡಿ ಒಣಗಿಸಿದಾಗ ಕುಂಕುಮವೂ ಸೇರಿ ಗಾಯದ ಪಟ್ಟಿಯ ಹಾಗೆ ಕಾಣುತ್ತಿತ್ತು. ಇನ್ನು ವಾಪಸ್ ಕೊಡುವ ಮಾತಿಲ್ಲ. ಭಾನುವಾರ ಒಂದು ಪಿಜ್ಜಾ ಬಿದ್ದರೂ, ಒಲೆಯೂ ಹೋಗಿ, ಕೆಲಸಕ್ಕೆ ಬಾರದ ಹಲಗೆಯೂ ಮನೆಯಲ್ಲಿ ಉಳಿಯುತ್ತದೆ. ಅಷ್ಟೇ ಅಲ್ಲ, ಇಷ್ಟೂ ನೋಡಿಕೊಳ್ಳಲಾಗದವರು ಒಲೆ ನೋಡಿಕೊಳ್ಳುತ್ತೀರಾ ಅಂತ ಗೀತಾ ಕೇಳದೆ ಬಿಡುವವಳಲ್ಲ.

“ಹೇಳಿಬಿಡೋಣ ಅಕ್ಕ” ಅಂದೆ.

“ಭಾನುವಾರ ಆಗೋವರೆಗೂ ಬಾಯಿ ಬಿಡಬೇಡ” ಅಂದರು.

ಆ ಹಲಗೆ ಕೆಲಸ ಮಾಡುವುದು ಹೀಗೆ. ಬಟ್ಟೆ ಹಲಗೆಯ ಮೇಲೂ ಕೆಳಗೂ ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ. ಕೋಲಿನ ಮೇಲೆ ಜಾರುವ, ಗುಬ್ಬಿ ಅನ್ನುವ ಒಂದು ಮರದ ಹಿಡಿ, ಅದರಿಂದ ಬಟ್ಟೆಗೆ ದಾರ. ಗುಬ್ಬಿಯನ್ನು ಹಿಂದಕ್ಕೆ ಎಳೆದರೆ ಬಟ್ಟೆ ಸುತ್ತುತ್ತದೆ, ಮೇಲಿದ್ದ ಹಿಟ್ಟು ಮುಂದಕ್ಕೆ ಸಾಗಿ ಕಲ್ಲಿನ ಮೇಲೆ ಇಳಿಯುತ್ತದೆ. ಮಣಿಕಟ್ಟಿನ ಕೆಲಸವೇ ಇಲ್ಲ. ವನಜಕ್ಕ ಮೊದಲು ಅದನ್ನು ಮುಟ್ಟಲೂ ಒಪ್ಪಲಿಲ್ಲ. “ಹಲಗೆಗೆ ಲಂಗ ಉಡ್ಸವ್ರೆ. ಇದರ ಜೊತೆ ಕೆಲಸ ಮಾಡೋದಾ, ಮದುವೆ ಮಾಡೋದಾ?” ಅಂದರು. ನನಗೆ ಮಾತ್ರ ಅದು ಹೊಸದಾಗಿ ಕಾಣಲಿಲ್ಲ. ಒದ್ದೆ ಬಟ್ಟೆಯ ಮೇಲೆ ಅಕ್ಕಿ ರೊಟ್ಟಿ ತಟ್ಟಿ, ಹಂಚಿನ ಮೇಲೆ ಬೋರಲು ಹಾಕಿ, ಬಟ್ಟೆಯನ್ನು ಅಂಚಿನಿಂದ ಸುಲಿದು ತೆಗೆಯುವುದಿಲ್ಲವೇ, ಅದೇ ಇದು. ಹಾಗಂತ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, “ಅದನ್ನ ಮೊದ್ಲೇ ಹೇಳಬಾರದಾ” ಅಂದು ಕೋಲು ಹಿಡಿದರು. ಎರಡು ದಿನದಲ್ಲಿ ಕಲಿತರು. ಕೈ ನಡುಗುತ್ತಲೇ ಇತ್ತು, ಆದರೆ ಹಿಟ್ಟು ಅದರ ಪಾಡಿಗೆ ಅದು ಇಳಿಯುತ್ತಿತ್ತು.

ಅಪೂರ್ವ, ನೀನು ಕೇಳಿದ್ದಕ್ಕೆ ಉತ್ತರ ಇಲ್ಲೇ ಬರೆದುಬಿಡುತ್ತೇನೆ. ಹಲಗೆ ಒಳ್ಳೆಯದು, ಮೋಸವಿಲ್ಲ. ಆದರೆ ನಿನ್ನ ಕೈ ಗಟ್ಟಿಯಿದೆ. ಒಂದು ಸಾದಾ ಹಲಗೆ, ಒಂದು ಹಿಡಿ ಅಕ್ಕಿ ರವೆ, ಹತ್ತು ಪಿಜ್ಜಾ ಹಾಳು ಮಾಡುವ ಧೈರ್ಯ, ಇಷ್ಟಿದ್ದರೆ ನಿನಗೆ ಸಾಕು. ಕೈಗೆ ಸಾಧ್ಯವಾಗದ್ದನ್ನು ಅದು ಮಾಡಿಕೊಡುತ್ತದೆ. ಕೈಗೆ ಸಾಧ್ಯವಿರುವಾಗ ಅದಕ್ಕೆ ಅಷ್ಟು ಬೆಲೆ ಇಲ್ಲ.

ಇನ್ನು ಕಲೆ. ದಾರ ಬಿಚ್ಚಿ, ಬಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, ಕೆಂಪು ಭಾಗ ಹಲಗೆಯ ಕೆಳಗೆ ಹೋಗುವ ಹಾಗೆ ಮತ್ತೆ ಕಟ್ಟಿದೆವು. ಗುಬ್ಬಿಯನ್ನು ಒಂದು ಮಿತಿಯವರೆಗೆ ಎಳೆದರೆ ಕಲೆ ಕೆಳಗೇ ಉಳಿಯುತ್ತಿತ್ತು. ಮಿತಿ ಮೀರಿ ಎಳೆದರೆ ಹಿಂದಿನ ಅಂಚು ದಾಟಿ ಮೇಲಕ್ಕೆ ಬರುತ್ತಿತ್ತು. ಆ ಮಿತಿಗೆ ಕೋಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಣ್ಣ ಪಿಜ್ಜಾಕ್ಕೆ ಗೆರೆಯವರೆಗೆ ಎಳೆದರೆ ಧಾರಾಳವಾಗಿ ಸಾಕಿತ್ತು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಗೀತಾ ಸ್ಟೂಲು ತಂದು ಗೋಡೆಗೆ ಒರಗಿಸಿ ಕೂತಳು. ಕೈಯಲ್ಲಿ ನಾಮಕರಣದವರ ಚೀಟಿ. ನಾನು ಮೇಜಿನ ಹತ್ತಿರ ಹಿಟ್ಟು ತಟ್ಟಿ ಕೊಡುವುದು, ಅಷ್ಟೇ. ಒಲೆಯ ಕಡೆ ಹೆಜ್ಜೆ ಇಡುವಂತಿಲ್ಲ. ವನಜಕ್ಕ ಸೆರಗು ಸಿಕ್ಕಿಸಿ, ಹಿಟ್ಟು ಎಸೆದು, ಹೆಸರು ಹೇಳತೊಡಗಿದರು. ನಾಯಂಡಹಳ್ಳಿಗೆ ಮುಂಚೆಯೇ ಕೆಂಪಾಯಿತು.

ಮೊದಲ ಪಿಜ್ಜಾ. ಕೋಲು ಒಳಗೆ ಹೋಗುತ್ತಿದ್ದ ಹಾಗೆ ಅದು ನಡುಗಿ ಒಲೆಯ ಬಾಯಂಚಿಗೆ ಟಕ್ ಟಕ್ ಅಂತ ಬಡಿಯಿತು. ನನ್ನ ಎರಡು ಬೆರಳು ತಾವಾಗಿಯೇ ಎದ್ದವು. ಅವನ್ನು ಹಿಟ್ಟಿನೊಳಗೆ ಒತ್ತಿ ಹಿಡಿದೆ. ಗೀತಾಳ ಕಣ್ಣು ತಾಯಿಯ ಕೈಯ ಮೇಲೆ. ವನಜಕ್ಕ ಗುಬ್ಬಿ ಎಳೆದರು. ಹಿಟ್ಟು ಇಳಿಯಿತು, ದುಂಡಗೆ, ಒಂದು ತುಂಡು ಈರುಳ್ಳಿಯೂ ಕದಲದೆ.

ಹತ್ತಾಯಿತು. ಇಪ್ಪತ್ತಾಯಿತು. ನಡುವೆ ಒಂದು ಸಲ ಅವರು ಕೋಲನ್ನು ತೊಡೆಗೆ ಒರಗಿಸಿ ಕೈ ಕೊಡವಿಕೊಂಡರು. “ಸಾಕಾ ಅಮ್ಮ?” ಅಂದಳು ಗೀತಾ. “ನಿನ್ನ ಹಡೆಯೋವಾಗ ಇದಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದೆ. ಸುಮ್ನೆ ಕೂತ್ಕೋ” ಅಂದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನಾನು ಪ್ರತಿ ಸಲವೂ ಪಿಜ್ಜಾ ನೋಡುತ್ತಿರಲಿಲ್ಲ, ಸೀಮೆಸುಣ್ಣದ ಗೆರೆ ನೋಡುತ್ತಿದ್ದೆ. ಗುಬ್ಬಿ ಗೆರೆಗೆ ಬಂದು ನಿಂತಾಗ ಉಸಿರು ಬಿಡುತ್ತಿದ್ದೆ. ಮೂವತ್ತು ದಾಟಿತು. ಮೂವತ್ತಾರಾಯಿತು.

ಗೀತಾ ಚೀಟಿ ತಿರುಗಿಸಿ ಓದಿದಳು. “ಇನ್ನು ನಾಲ್ಕು. ಅವು ದೊಡ್ಡವಂತೆ. ದೊಡ್ಡವರಿಗೆ.”

ದೊಡ್ಡವು. ನಾಮಕರಣದವರು ಅದನ್ನು ಚೀಟಿಯ ಹಿಂಬದಿಯಲ್ಲಿ ಬರೆದಿದ್ದರಿಂದ ನಾವಿಬ್ಬರೂ ನೋಡಿರಲಿಲ್ಲ. ದೊಡ್ಡ ಪಿಜ್ಜಾ ಪೂರ್ತಿ ಇಳಿಯಬೇಕಾದರೆ ಗುಬ್ಬಿಯನ್ನು ಗೆರೆ ದಾಟಿಸಿ ಒಂದು ಗೇಣು ಎಳೆಯಲೇಬೇಕು. ವನಜಕ್ಕ ನನ್ನ ಕಡೆ ನೋಡಿದರು. ನಾನು ತಟ್ಟುತ್ತಿದ್ದ ಹಿಟ್ಟನ್ನು ಮತ್ತೆ ಮತ್ತೆ ತಟ್ಟಿದೆ, ತಡ ಮಾಡಿದರೆ ಏನಾದರೂ ಆದೀತು ಅನ್ನುವ ಹಾಗೆ. ಏನೂ ಆಗಲಿಲ್ಲ. ಕೊಟ್ಟೆ.

ಕೋಲು ಒಳಗೆ ಹೋಯಿತು. ಗುಬ್ಬಿ ಗೆರೆಗೆ ಬಂತು, ದಾಟಿತು. ಹಲಗೆಯ ಹಿಂದಿನ ಅಂಚಿನಿಂದ ಕೆಂಪು ಮೆಲ್ಲಗೆ ಮೇಲಕ್ಕೆ ಏರಿ ಬಂತು.

ಗೀತಾ ಎದ್ದಳು. “ರಕ್ತ. ಅಮ್ಮ, ರಕ್ತ ಅದು. ಕೈ ತೋರ್ಸು” ಅನ್ನುತ್ತಾ ಓಡಿ ಬಂದು ತಾಯಿಯ ಮಣಿಕಟ್ಟು ಹಿಡಿದುಕೊಂಡಳು. ಸುಟ್ಟ ಗಾಯ ಬಿರಿದಿದೆ, ಅದನ್ನು ಮುಚ್ಚಿಟ್ಟುಕೊಂಡು ನಿಂತಿದ್ದಾರೆ ಅಂತ ಅವಳು ತಿಳಿದಳು.

“ಕೈ ಬಿಡು. ಅರ್ಧ ಕಲ್ಲಿನ ಮೇಲಿದೆ, ಅರ್ಧ ಬಟ್ಟೆ ಮೇಲಿದೆ.”

“ಹಾಳಾಗ್ಲಿ ಪಿಜ್ಜಾ. ಬಿಡಮ್ಮ ಕೋಲು.”

“ಬಟ್ಟೆ ಹತ್ಕೊಳ್ಳುತ್ತೆ ಗೀತಾ. ಬಿಡೇ.”

ಅವಳು ಕೈ ಬಿಡಲಿಲ್ಲ, ಇವರು ಕೋಲು ಬಿಡಲಿಲ್ಲ. ಒಲೆಯೊಳಗೆ ಬಟ್ಟೆಯ ಅಂಚು ಕಮರುವ ವಾಸನೆ ಬಂತು. ಏಳೆಂಟು ವರ್ಷದಲ್ಲಿ ನಾನು ಗೀತಾಳ ಎದುರು ಹೂಂ, ಉಹೂಂ ಬಿಟ್ಟು ಬೇರೆ ಆಡಿರಲಿಲ್ಲ. “ಅದು ಕುಂಕುಮ” ಅಂದೆ. ಕೇಳಿಸಲಿಲ್ಲ. ಮತ್ತೆ ಅಂದೆ, ಜೋರಾಗಿ. “ರಕ್ತ ಅಲ್ಲಮ್ಮ. ಅರಿಶಿನ ಕುಂಕುಮ. ಶುಕ್ರವಾರ ನಾನೇ ಇಟ್ಟೆ. ಸೋಪು ಹಾಕಿ ಕೆಂಪಾಯ್ತು. ನಾನೇ ಕೆಳಗೆ ತಿರುಗಿಸಿ ಕಟ್ಟಿದೆ. ಅವರ ಕೈ ಬಿಡಿ.”

ಗೀತಾ ಕೈ ಬಿಟ್ಟಳು. ವನಜಕ್ಕ ಉಳಿದದ್ದನ್ನು ಎಳೆದರು. ಪಿಜ್ಜಾ ಕೂತಿತು. ಬಟ್ಟೆಯ ಮುಂದಿನ ಅಂಚಿನಲ್ಲಿ ಬೆರಳಗಲ ಕಂದು ಕಲೆಯಾಗಿತ್ತು.

ಗೀತಾ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇದನ್ನ ಮುಚ್ಚಿಟ್ರಿ. ಇನ್ನೇನು ಮುಚ್ಚಿಟ್ಟಿದೀರ ಆಂಟಿ?”

ವನಜಕ್ಕ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಲಿಲ್ಲ, ಏನೂ ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದರು. ಸುಳ್ಳು ಹೇಳಬಹುದಿತ್ತು. ಇನ್ನು ಮೂರೇ ಪಿಜ್ಜಾ ಇದ್ದವು. ಆದರೆ ಆ ಸು‌ಟ್ಟ ಅಂಗೈ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಇಲ್ಲದ ದಿನ ಆದ ಗಾಯ ಅದು.

“ಯುಗಾದಿಯಿಂದ ಕೈ ಹೀಗಿದೆ. ಕೋಲಿನ ತುದಿ ನಾನು ಹಿಡ್ಕೊಳ್ತಾ ಇದ್ದೆ” ಅಂದೆ.

ಗೀತಾ ಹೋಗಿ ಸ್ಟೂಲಿನ ಮೇಲೆ ಕೂತಳು. ಚೀಟಿ ಮಡಚಿ, “ಇನ್ನೂ ಮೂರಿದೆ ಅಮ್ಮ. ಹಾಕು” ಅಂದಳು.

ವನಜಕ್ಕ ಹಾಕಿದರು. ಮೂರು ಸಲವೂ ಕೆಂಪು ಕಲೆ ಎಲ್ಲರ ಎದುರಿಗೆ ಮೇಲೆ ಬಂದು ಹೋಯಿತು. ಒಂದೂ ಬೀಳಲಿಲ್ಲ.

ಗೀತಾ ಮಾತಿಗೆ ತಪ್ಪಲಿಲ್ಲ. ಹಲಗೆ ಉಳಿಯಿತು, ಒಲೆಯೂ ಉಳಿಯಿತು. ತಾನು ಮನೆಯಲ್ಲಿರುವ ಹೊತ್ತಿಗೆ ಮಾತ್ರ ಒಲೆ ಹಚ್ಚಬೇಕು ಅನ್ನುವುದನ್ನು ಆಮೇಲೆ ಸೇರಿಸಿದಳು. ನನ್ನ ಹತ್ತಿರ ಮಾತ್ರ ವನಜಕ್ಕ ಮಾತು ಬಿಟ್ಟರು. ಕೆಲಸಕ್ಕೆ ಬೇಡ ಅನ್ನಲಿಲ್ಲ. ನಾನು ತಟ್ಟಿ ಕೊಡುತ್ತಿದ್ದೆ, ಅವರು ತೆಗೆದುಕೊಳ್ಳುತ್ತಿದ್ದರು. ಹನ್ನೊಂದು ದಿನ ಹೀಗೆ. ಹನ್ನೆರಡನೇ ದಿನ ಕಾಫಿ ಕುಡಿಯುತ್ತಾ, ನನ್ನ ಕಡೆ ನೋಡದೆ ಅಂದರು, “ನೀನು ಕೋಲು ಹಿಡ್ಕೊಳ್ತಿದ್ದಿದ್ದು ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ?”

“ಇಲ್ಲ ಅಕ್ಕ.”

“ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರೋಕೆ ನೀನು ಬಿಟ್ಟಿದ್ದೆ. ಅದು ಚೆನ್ನಾಗಿತ್ತು.” ಲೋಟ ಕೆಳಗಿಟ್ಟರು. “ಆದ್ರೆ ಅವಳಿಗೆ ಹೇಳಿದ್ದು ಸರಿ ಕಣೇ. ನನಗೆ ಹೇಳೋಕೆ ಆಗ್ತಿರಲಿಲ್ಲ.”

ಆ ಹಲಗೆಯಲ್ಲಿ ಅವರು ಇನ್ನೂ ಒಂದೂವರೆ ವರ್ಷ ಕೆಲಸ ಮಾಡಿದರು. ಬಟ್ಟೆ ಎರಡು ಸಲ ಬದಲಾಯಿಸಿದೆವು. ನಿಲ್ಲಿಸಿದ್ದು ಗೀತಾ ಅಲ್ಲ. ಒಂದು ಶನಿವಾರ ಬಾಗಿಲು ಹಾಕುವಾಗ, “ಹೊನ್ನಿ, ಸೋಮವಾರಕ್ಕೆ ಸೌದೆ ಹೇಳಬೇಡ” ಅಂದರು. ಅಷ್ಟೇ. ಆಮೇಲೆ ಗೀತಾ ಅವರನ್ನು ಕರೆದುಕೊಂಡು ಕೆಂಗೇರಿಯ ಕಡೆ ಮನೆ ಮಾಡಿದಳು. ನಾವೂ ವಿಜಯನಗರಕ್ಕೆ ಬಂದೆವು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಹೋದ ವರ್ಷ, ಮಾಘದಲ್ಲಿ. ಮೆಟ್ರೋದಲ್ಲಿ ಒಬ್ಬಳೇ ಹೋದೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಎರಡು ಕೈಯೂ ನಡುಗುತ್ತಿದ್ದವು, ಮಾತು ತೊದಲುತ್ತಿತ್ತು. ಆದರೂ ನನ್ನನ್ನು ನೋಡಿದವರೇ, “ಬಂದ್ಯಾ ಗೋಡೆ” ಅಂದರು. ನಿಮ್ಮಿಬ್ಬರನ್ನೂ ಕೇಳಿದರು. ಆಮೇಲೆ, “ಒಲೆ ಇದೆಯಾ ಇನ್ನೂ?” ಅಂದರು.

ಒಲೆಯನ್ನು ಒಡೆದು ಆರು ತಿಂಗಳಾಗಿತ್ತು. ಅಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಅವರ ಕುರ್ಚಿಯ ಹಿಂದೆ ನಿಂತಿದ್ದ ಗೀತಾ ನನ್ನ ಕಡೆ ನೋಡಿ ಬೇಡ ಅಂತ ತಲೆ ಅಲ್ಲಾಡಿಸಿದಳು. ನನಗೆ ನಿಜವೂ ಬಾಯಿಗೆ ಬರಲಿಲ್ಲ, ಸುಳ್ಳೂ ಬರಲಿಲ್ಲ. ವನಜಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಆಯ್ತು ಬಿಡು” ಅಂದರು.

ಗೀತಾ ಕಾಫಿ ತಂದಳು. ಲೋಟ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರ ಬಲಗೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ಗುಟುಕು ಗುಟುಕಾಗಿ ಕುಡಿಸಿದೆ. ಆಗ ಕಂಡಿತು. ಆ ಕೈಯ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ತೆಳ್ಳಗೆ ಕೂದಲು ಬಂದಿತ್ತು. ಅವರು ಒಲೆಯ ಮುಂದೆ ನಿಂತಿದ್ದಷ್ಟು ಕಾಲವೂ ಆ ಕೈಯಲ್ಲಿ ಒಂದು ಕೂದಲೂ ನಿಂತಿರಲಿಲ್ಲ. ಕಾವಿಗೆ ಕರಟಿ ಉದುರಿಹೋಗುತ್ತಿತ್ತು. ನಾನು ನೋಡುತ್ತಿರುವುದನ್ನು ಅವರೂ ನೋಡಿದರು. ಕೈಯನ್ನು ಸ್ವಲ್ಪ ತಿರುಗಿಸಿ ಬೆಳಕಿಗೆ ಹಿಡಿದರು.

“ನೋಡೇ ಹೊನ್ನಿ” ಅಂದರು. “ಯಾರದೋ ಕೈ.”

ಹದಿನೈದು ದಿನಕ್ಕೆ ಗೀತಾ ಫೋನು ಮಾಡಿದಳು.

ಮಕ್ಕಳೇ, ವನಜಕ್ಕನ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ಬೀದಿಯ ಹುಡುಗರು ಹಿಡಿದ ವಿಡಿಯೋಗಳು ಯಾರ ಫೋನಿನಲ್ಲಿ ಉಳಿದಿವೆಯೋ ಗೊತ್ತಿಲ್ಲ. ಇರುವುದು ಈ ಹಾಳೆಗಳು ಮಾತ್ರ. ಅಡುಗೆಮನೆಯಲ್ಲಿ ಇಡಬೇಡಿ, ಎಣ್ಣೆ ತಾಗುತ್ತದೆ. ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಇಡುವ ಫೈಲಿನಲ್ಲಿ, ಅವುಗಳ ಜೊತೆಗೇ ಇಟ್ಟುಕೊಳ್ಳಿ.